ಸಾವುಕಾರ ಮೀನು

ಮೊನ್ನೆ ಕೊಪ್ಪಳದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಡೆದು ಬರುತ್ತಿದ್ದೆ. ಕರಾವಳಿಯಿಂದ ಬಂದ ಮೀನಿನ ಥರ್ಮೋಕೋಲ್ ಪೆಟ್ಟಿಗೆಯೊಂದು ಗಾಡಿಯಿಂದ ಜಾರಿ ಒಡೆದು, ಐಸಿನ ನೀರು ರಸ್ತೆ ತುಂಬ ಹರಿದಿತ್ತು. ಹೋಗಿಬರುವವರೆಲ್ಲ ಮೂಗಿಗೆ ಕೈಯನ್ನೋ ಸೆರಗನ್ನೋ ಹಿಡಿದು ದಾಟುತ್ತಿದ್ದರು. ನಾನೊಬ್ಬ ಮಾತ್ರ ನಿಂತು ಎದೆ ತುಂಬ ಉಸಿರೆಳೆದುಕೊಂಡೆ. ನೀವು ಅಲ್ಲಿದ್ದಿದ್ದರೆ ಮುದುಕನಿಗೆ ತಲೆ ಕೆಟ್ಟಿದೆ ಅನ್ನುತ್ತಿದ್ದಿರಿ. ಆದರೆ ಅದು ನಮ್ಮ ಪಡಸಾಲೆಯ ವಾಸನೆ. ಎಂಬತ್ತರ ದಶಕದ ಆರಂಭದಲ್ಲಿ ಹದಿನಾಲ್ಕು ತಿಂಗಳು ನಮ್ಮ ಮನೆ ಹೀಗೇ ನಾರುತ್ತಿತ್ತು. ಆ ನಾತದ ಮೇಲೆ ನನಗೆ ಇವತ್ತಿಗೂ ಅಭಿಮಾನ.

ಆಗ ಗದಗ ರಸ್ತೆಯಲ್ಲಿ ನನ್ನದೊಂದು ಬ್ಯಾಟರಿ ಚಾರ್ಜಿಂಗ್ ಅಂಗಡಿ ಇತ್ತು. ಮುಂದೆ ಅಂಗಡಿ, ಹಿಂದೆ ಮನೆ. ಗಂಗಾವತಿಯ ಗಿರಣಿಗಳಿಂದ ಅಕ್ಕಿ ತುಂಬಿಕೊಂಡು ಪಶ್ಚಿಮಕ್ಕೆ ಹೋಗುವ ಲಾರಿಗಳು ಅಲ್ಲಿ ನಿಲ್ಲುತ್ತಿದ್ದವು. ಚಾಲಕರು ಚಹಾ ಕುಡಿಯುವಷ್ಟರಲ್ಲಿ ಬ್ಯಾಟರಿ ನೋಡಿ ಕೊಡುವುದು ನನ್ನ ಕೆಲಸ. ಬೇಡವೆಂದರೂ ಅವರಿಗೆ ಲೋಕಜ್ಞಾನ ಹೇಳುವುದು ನನ್ನ ಚಟ. ಏಳನೇ ಇಯತ್ತೆ ಪಾಸಾಗಿದ್ದೆ, ದಿನಾ ಪೇಪರ್ ಓದುತ್ತಿದ್ದೆ. ಇನ್ನೇನು ಬೇಕು?

ಗಂಗಾವತಿಯ ಇಮಾಮ್‌ಸಾಬ ತಿಂಗಳಿಗೆ ಎರಡು ಸಲ ಕರಾವಳಿಗೆ ಅಕ್ಕಿ ಒಯ್ದು, ಬರುವಾಗ ಹಂಚು ತುಂಬಿಕೊಂಡು ಬರುತ್ತಿದ್ದ. ಮಾತು ಕಡಿಮೆ, ಸುಳ್ಳು ಅದಕ್ಕಿಂತ ಕಡಿಮೆ. ಒಂದು ದಿನ ಅವನು, "ಅಣ್ಣಾರ, ಬಂದರದಾಗ ಕಾಲಿರೋ ಮೀನ ನೋಡಿದ್ನಿ. ನೀರಾಗ ನಡೀತೈತಿ" ಅಂದ. ನಾನು ಅಂಗಡಿಯಲ್ಲಿದ್ದವರೆಲ್ಲರ ಎದುರಿಗೆ ಬಿದ್ದು ಬಿದ್ದು ನಕ್ಕೆ. "ಕಾಲಿದ್ರ ಅದು ಮೀನ ಹೆಂಗಾಗ್ತದೋ? ಏಡಿ ನೋಡೀ ನೀ" ಅಂದೆ. ಹದಿನೈದು ದಿನ ಬಿಟ್ಟು ಮುಂದಿನ ಖೇಪಿಗೆ ಅವನು ಬಂದಾಗ ಲಾರಿಯಿಂದ ಅಗಲ ಬಾಯಿಯ ಹಾಲಿನ ಕ್ಯಾನೊಂದನ್ನು ಇಳಿಸಿ ನನ್ನ ಮುಂದಿಟ್ಟ. ಜೊತೆಗೆ ಎರಡು ದೊಡ್ಡ ಡಬ್ಬಿ ಸಮುದ್ರದ ನೀರು.

"ಎಣಿಸ್ರಿ ಕಾಲ" ಅಂದ.

ಕ್ಯಾನಿನ ತಳದಲ್ಲಿ ಮುಷ್ಟಿಯಷ್ಟು ದೊಡ್ಡ ಅರಿಷಿಣದ ಗಡ್ಡೆಯಂಥದೊಂದು ಕುಳಿತಿತ್ತು. ಮೈಮೇಲೆ ಕಂದು ಮಚ್ಚೆ, ನರಹುಲಿಯಂಥ ಗುಬುಟು. ಮೀನಿನ ಹುರುಪೆಯಿಲ್ಲ. ಮುಂದೆ ಎರಡು ಪುಟ್ಟ ಕೈ, ಅವನ್ನು ಊರಿಕೊಂಡು ಕುಂತ ಭಂಗಿ. ಬಾಯಿ ಮೇಲ್ಮುಖ, ಸದಾ ಮುನಿಸಿಕೊಂಡ ಮುದುಕನ ಬಾಯಿಯ ಹಾಗೆ. ನಾನು ನೋಡುತ್ತಿದ್ದಂತೆ ಅದು ಒಂದು ಕೈ ಎತ್ತಿ ಮುಂದಿಟ್ಟಿತು, ಆಮೇಲೆ ಇನ್ನೊಂದು. ನಡೆಯಿತು. ಅಂಗಡಿಯಲ್ಲಿದ್ದವರು ಈಗ ನನ್ನನ್ನು ನೋಡಿ ನಕ್ಕರು.

ನಗೆ ಮುಗಿದ ಮೇಲೆ ಪ್ರಶ್ನೆ ಬಂತು. ಇದನ್ನೇನು ಮಾಡುವುದು? ಸಮುದ್ರ ಒಂದು ಹಗಲಿನ ದಾರಿ. "ಸಾಯ್ತೈತಿ ಬಿಡು" ಅಂದರು ಯಾರೋ. ಇಮಾಮ್‌ಸಾಬನ ಮುಖ ಸಣ್ಣದಾಯಿತು. ನನ್ನ ಬಾಯಿ ಮುಚ್ಚಿಸಲು ಅವನು ಒಂದು ಜೀವವನ್ನು ಅಷ್ಟು ದೂರ ತಂದಿದ್ದ. ಅದನ್ನು ನೋಡಿ ನಾನು, "ಯಾಕ ಸಾಯ್ತೈತಿ? ನಾ ಸಾಕ್ತೀನಿ" ಅಂದುಬಿಟ್ಟೆ. ಹೇಳಿದ ಮೇಲೆ ನನಗೇ ಗಾಬರಿ.

ದೊಡ್ಡ ಬ್ಯಾಟರಿಗಳಿಗೆಂದು ಬರುವ ದಪ್ಪ ಗಾಜಿನ ಡಬ್ಬಿಯೊಂದು ಅಂಗಡಿಯಲ್ಲಿತ್ತು. ಹೊಸದು, ಆಸಿಡ್ ಕಂಡಿರಲಿಲ್ಲ, ನಾಲ್ಕು ಕೊಡ ನೀರು ಹಿಡಿಯುತ್ತಿತ್ತು. ಅದನ್ನು ಪಡಸಾಲೆಯಲ್ಲಿಟ್ಟು ಸಮುದ್ರ ಸುರಿದೆ. ಗಾಳಿ ಬೇಕಲ್ಲ? ಹಳೆಯ ಲಾರಿ ಟ್ಯೂಬಿಗೆ ಗಾಳಿ ಹೊಡೆದು, ಅದರ ಬಾಯಿಗೆ ಆಸ್ಪತ್ರೆಯ ಸಲೈನ್ ನಳಿಕೆ ಕಟ್ಟಿ, ಗುಳ್ಳೆ ಒಂದೊಂದಾಗಿ ಬರುವಂತೆ ಮಾಡಿದೆ. ಈ ಇಡೀ ಕತೆಯಲ್ಲಿ ನಾನು ಸ್ವಂತ ತಲೆಯಿಂದ ಮಾಡಿದ ಸರಿಯಾದ ಕೆಲಸ ಇದೊಂದೇ. ಉಳಿದದ್ದೆಲ್ಲ ನನ್ನ ಹೆಂಡತಿ ಹುಲಿಗೆವ್ವನದು.

ಅವಳು ವಿರೂಪಾಪುರಗಡ್ಡೆಯವಳು. ಸುತ್ತ ಹೊಳೆ, ನಡುವೆ ಊರು. ಬುದ್ಧಿ ತಿಳಿದಾಗಿನಿಂದ ಹರಿಗೋಲಿನಲ್ಲಿ ಕುಳಿತವಳು. ಅವಳ ಅಪ್ಪ ಬಂಡೆಯ ಮೇಲೆ ಗಾಳ ಹಿಡಿದು ಕುಳಿತರೆ ಸಂಜೆಯವರೆಗೆ ಏಳುತ್ತಿರಲಿಲ್ಲವಂತೆ. ಕೊಪ್ಪಳಕ್ಕೆ ಬಂದ ಮೇಲೆ ಎರಡು ಎಮ್ಮೆ ಕಟ್ಟಿ ಹಾಲು ಮಾರುತ್ತಿದ್ದಳು. ಒಮ್ಮೆ ಹೋಟೆಲಿನವನೊಬ್ಬ, ಹಾಲಿಗೆ ನೀರು ಬೆರೆಸೀಯಾ ಅಂದ. ಅವಳು ಜಗಳವಾಡಲಿಲ್ಲ. ಹಾಲಿನಲ್ಲಿ ತೇಲಿಬಿಡುವ ಗಾಜಿನ ಲ್ಯಾಕ್ಟೋಮೀಟರ್ ಒಂದನ್ನು ತರಿಸಿದಳು. ಅದರ ಕಡ್ಡಿಯ ಮೇಲೆ ಗೆರೆಗಳಿರುತ್ತವೆ: ಬರೀ ನೀರಾದರೆ ಮೇಲಿನ ಗೆರೆಯವರೆಗೆ ಮುಳುಗುತ್ತದೆ, ಅಪ್ಪಟ ಹಾಲಾದರೆ ಕೆಳಗಿನ ಗೆರೆಗೇ ನಿಲ್ಲುತ್ತದೆ. ದಿನಾ ಹೋಟೆಲಿನವನ ಕಣ್ಣೆದುರಿಗೇ ತೇಲಿಬಿಟ್ಟು ತೋರಿಸಿ ಹಾಲು ಅಳೆಯುತ್ತಿದ್ದಳು.

ನಾಲ್ಕನೇ ದಿನಕ್ಕೆ ನಮ್ಮ ಬಿಸಿಲಿಗೆ ಡಬ್ಬಿಯ ನೀರು ಎರಡು ಬೆರಳು ಇಳಿಯಿತು. ಸಮುದ್ರದ ನೀರಲ್ಲವೇ, ನಾನು ಬಾವಿಯ ನೀರಿಗೆ ಹಿಡಿ ಉಪ್ಪು ಕಲಸಿ ಸುರಿದೆ. ಎರಡು ದಿನ ಬಿಟ್ಟು ಮತ್ತೊಂದು ಹಿಡಿ. ಮೀನಿನ ಬಣ್ಣ ಬಿಳಿಚಿತು. ಒಂದು ಮಗ್ಗುಲಿಗೆ ವಾಲಿತು. ನಾನು ಇನ್ನೂ ಉಪ್ಪು ಬೇಕೇನೋ ಅಂದುಕೊಂಡು ಉಪ್ಪಿನ ಡಬ್ಬಿ ಹುಡುಕುತ್ತಿದ್ದಾಗ ಹುಲಿಗೆವ್ವ ಕೈ ಹಿಡಿದಳು.

"ತಡೀರಿ. ಆ ಕ್ಯಾನಿನ ತಳದಾಗ ಖರೇ ಸಮುದ್ರದ ನೀರು ಉಳದೈತಲ್ಲ, ಅದರಾಗ ಹಾಲಿನ ಕಡ್ಡಿ ಒಮ್ಮಿ ಬಿಟ್ಟು ನೋಡೂಣು."

ಉಳಿದ ಆ ನೀರಿನಲ್ಲಿ ಲ್ಯಾಕ್ಟೋಮೀಟರ್ ತೇಲಿಬಿಟ್ಟಳು. ಅದು ಹಾಲಿನ ಗೆರೆಗಿಂತ ಒಂದು ಗೆರೆ ಮೇಲಿನವರೆಗೆ ಮುಳುಗಿ ನಿಂತಿತು. ಅವಳಿಗೆ ನಗು ಬಂತು. "ಸಮುದ್ರ ಅಂದ್ರ ಮುಕ್ಕಾಲು ಹಾಲು, ಕಾಲು ನೀರು ನೋಡ್ರಿ. ಹೋಟೆಲಿನಾಂವ ಇದನ್ನ ತುಗೊಳ್ಳಂಗಿಲ್ಲ." ಆಮೇಲೆ ನಮ್ಮ ಗಾಜಿನ ಡಬ್ಬಿಯಲ್ಲಿ ಬಿಟ್ಟಳು. ಕಡ್ಡಿ ಮೇಲೆದ್ದು, ಹಾಲಿನ ಗೆರೆಯೂ ನೀರಿನಿಂದ ಹೊರಗೆ ಬಂತು.

"ಖೋವಾ ಕಾಸಿಬಿಟ್ಟೀರಿ ನೀವು. ಬಿಸಲಿಗೆ ನೀರಷ್ಟ ಹಾರತೈತಿ, ಉಪ್ಪು ಎಲ್ಲಿ ಹೋಗ್ತೈತಿ? ಮ್ಯಾಲ ಬರೇ ನೀರು ಹಾಕಬೇಕು. ನಮ್ಮ ಬಾವೀ ನೀರು ಬ್ಯಾಡ, ಕೊಡದಾಗ ಸುಣ್ಣ ಕಟ್ಟತೈತಿ. ನಿಮ್ಮ ಅಂಗಡ್ಯಾಗಿಂದು ಕೊಡ್ರಿ."

ಓದುಗರೇ, ನನ್ನ ನಾಚಿಕೆಯನ್ನು ನಿಮ್ಮೊಂದಿಗೆ ಹಂಚಿಕೊಳ್ಳಲೇಬೇಕು. ಪ್ರತಿದಿನ, ಪ್ರತಿಯೊಬ್ಬ ಚಾಲಕನಿಗೆ ನಾನು ಹೇಳುತ್ತಿದ್ದ ಮಾತೇ ಅದು: "ಆಸಿಡ್ ಎಲ್ಲೂ ಹೋಗಂಗಿಲ್ಲಪ್ಪ, ನೀರಷ್ಟ ಕಡಿಮಿ ಆಗ್ತೈತಿ. ಬರೇ ಡಿಸ್ಟಿಲ್ ವಾಟರ್ ಹಾಕು." ಹತ್ತು ವರ್ಷ ಹೇಳಿದ್ದೆ. ಪಡಸಾಲೆಯಲ್ಲಿ ಅದು ನೆನಪಿಗೆ ಬಂದಿರಲಿಲ್ಲ.

ಒಂದಿಷ್ಟು ಉಪ್ಪುನೀರು ಮೊಗೆದು ಚೆಲ್ಲಿ, ಡಿಸ್ಟಿಲ್ ವಾಟರನ್ನು ಲೋಟ ಲೋಟವಾಗಿ ಸುರಿಯುತ್ತ, ಎರಡು ದಿನದಲ್ಲಿ ಅವಳು ಕಡ್ಡಿಯನ್ನು ಅದರ ಗೆರೆಗೆ ತಂದಳು. ಮೀನು ನೆಟ್ಟಗೆ ಕುಳಿತಿತು. ಆದರೆ ತಿನ್ನಲೊಲ್ಲದು. ನಾನು ಅನ್ನ ಹಾಕಿದೆ, ಕುರಿಯ ಮಾಂಸದ ಚೂರು ಹಾಕಿದೆ, ಕಡೆಗೆ ಸಜ್ಜೆ ರೊಟ್ಟಿಯನ್ನೂ ಹಾಕಿದೆ. ಅದು ತಿರುಗಿಯೂ ನೋಡಲಿಲ್ಲ. ಮೀನಿನ ಬಾಯಿಯ ಮೇಲೆ ಒಂದು ಸಣ್ಣ ದಾರದಂಥದ್ದು, ಅದರ ತುದಿಗೆ ಹುಳುವಿನಂಥ ಚೂರು. ಅದನ್ನು ಆಗಾಗ ಅಲ್ಲಾಡಿಸುತ್ತ ಕುಳಿತಿರುತ್ತಿತ್ತು. ರೋಗ ಬಂದಿದೆ, ಮಾಂಸ ಕಿತ್ತು ಬರುತ್ತಿದೆ ಅಂದೆ ನಾನು. ಹುಲಿಗೆವ್ವ ಎಮ್ಮೆ ಹಿಂಡಿ ಬಂದು, ಕೈ ಒರೆಸಿಕೊಳ್ಳುತ್ತ, ಬಹಳ ಹೊತ್ತು ನೋಡಿದಳು.

"ರೋಗ ಅಲ್ರಿ. ಇದು ಗಾಳ ಹಾಕ್ಕೊಂಡು ಕುಂತೈತಿ, ನಮ್ಮಪ್ಪನಂಗ. ಗಾಳ ಹಾಕಿದಾಂವಗ ರೊಟ್ಟಿ ಕೊಟ್ರ ತಿಂತಾನೇನು? ಅಂವಗ ಮೀನ ಬರಬೇಕು."

ಮಲೇರಿಯಾದವರು ಸೊಳ್ಳೆಮರಿ ತಿನ್ನಲೆಂದು ನಮ್ಮ ಬಾವಿಗೆ ಸಣ್ಣ ಮೀನು ಬಿಟ್ಟಿದ್ದರು. ಸೀರೆಯ ತುಂಡಿನಿಂದ ನಾಲ್ಕು ಹಿಡಿದು ತಂದು ಬಿಟ್ಟಳು. ದಾರ ಅಲ್ಲಾಡಿತು. ಒಂದು ಮರಿ ಕುತೂಹಲದಿಂದ ಹತ್ತಿರ ಹೋಯಿತು. ಅಷ್ಟೇ. ಬಾಯಿ ತೆರೆದದ್ದನ್ನು ನಾವಿಬ್ಬರೂ ಕಾಣಲಿಲ್ಲ, ಮರಿ ಇರಲಿಲ್ಲ. ಹುಲಿಗೆವ್ವ ಚಪ್ಪಾಳೆ ತಟ್ಟಿದಳು. "ಕುಂತಲ್ಲೇ ಉಣ್ಣೋ ಸಾವುಕಾರ ಇದು!" ಅವತ್ತಿನಿಂದ ಅದರ ಹೆಸರು ಸಾವುಕಾರ.

ಇಮಾಮ್‌ಸಾಬ ಪ್ರತಿ ಖೇಪಿಗೆ ಎರಡು ಡಬ್ಬಿ ಹೊಸ ಸಮುದ್ರ ತಂದ. ಬೇಸಗೆಯಲ್ಲಿ ಅವಳು ಡಬ್ಬಿಗೆ ಹಸಿ ಗೋಣಿಚೀಲ ಸುತ್ತಿದಳು. ಯಲಬುರ್ಗಾ, ಕುಕನೂರುಗಳಿಂದ ಕಚೇರಿ ಕೆಲಸಕ್ಕೆ ಬಂದವರು ಬಸ್ಸು ಹತ್ತುವ ಮೊದಲು ನಮ್ಮ ಪಡಸಾಲೆಗೆ ಬಂದು ಹೋಗುತ್ತಿದ್ದರು. ನಾನು ಕಾಲಮೇಲೆ ಕಾಲು ಹಾಕಿ, "ನಾ ಸಾಕೀನ್ರಿ" ಎಂದು ಶುರುಮಾಡುತ್ತಿದ್ದೆ. ಹುಲಿಗೆವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು.

ಒಂದು ದಿನ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರು ಬಂದರು. ನಂಬದೆ ಬಂದವರು, ನೋಡಿ ಅಲ್ಲೇ ಕುಳಿತುಬಿಟ್ಟರು. ಇದು ಗಾಳದ ಮೀನು, ಬೇಟೆಯ ಜಾತಿ, ಇದನ್ನು ತಾವು ಪುಸ್ತಕದಲ್ಲಷ್ಟೇ ನೋಡಿದ್ದು ಅಂದರು. ಆಮೇಲೆ ಕೇಳಿದರು: "ಉಪ್ಪಿನಂಶ ಹೆಂಗ ಕಾಯ್ದುಕೊಂಡೀರಿ?" ನಾನು ಏನೋ ತೊದಲಿದೆ. ಅವರು ಇನ್ನೊಂದು ಕೇಳಿದರು. ಕಡೆಗೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ, "ಏ, ಹೊರಗ ಬಾ. ಸಾಹೇಬರಿಗೆ ನೀನ ಹೇಳು" ಅಂದೆ.

ಹಿಟ್ಟಿನ ಕೈಯಲ್ಲೇ ಬಂದಳು. ಮೊದಲು ನೆಲ ನೋಡುತ್ತ, ಆಮೇಲೆ ಮೀನು ನೋಡುತ್ತ, ಆಮೇಲೆ ಅವರ ಮುಖವನ್ನೇ ನೋಡುತ್ತ ಎಲ್ಲ ಹೇಳಿದಳು. ಹಾಲಿನ ಕಡ್ಡಿ ತೇಲಿಬಿಟ್ಟು ತೋರಿಸಿದಳು. ಮೇಷ್ಟ್ರು ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು. "ತಾಯಿ, ಇದನ್ನ ಯಾರು ಕಲಿಸಿದ್ರು ನಿಮಗ?" ಅಂದರು. "ನಂದೇನೈತ್ರಿ, ಎಲ್ಲಾ ಇವರದ" ಎಂದು ಅವಳು ಒಳಗೆ ಹೋದಳು. ಅಕ್ಷರ ಬಾರದವಳ ಮಾತನ್ನು ಕಾಲೇಜಿನವರು ಬರೆದುಕೊಂಡದ್ದನ್ನು ನಾನು ಗೋಡೆಗೆ ಒರಗಿ ನೋಡಿದೆ. ನನ್ನ ಎದೆ ಉಬ್ಬಿತು, ಹೌದು. ಆದರೂ ಅವಳ ಆ ಕಡೆಯ ಮಾತನ್ನು ನಾನು ತಿದ್ದಲಿಲ್ಲ.

ಎರಡನೇ ಬೇಸಗೆಗೆ ಸಾವುಕಾರ ಎರಡು ಮುಷ್ಟಿಯಾಗಿದ್ದ. ಡಬ್ಬಿ ಇಕ್ಕಟ್ಟಾಗಿತ್ತು. ಅದೇ ಹೊತ್ತಿಗೆ ಇಮಾಮ್‌ಸಾಬನನ್ನು ಮಾಲೀಕರು ಮುಂದಿನ ತಿಂಗಳಿಂದ ಹೈದರಾಬಾದಿನ ದಾರಿಗೆ ಹಾಕಿದರು. ಇನ್ನು ಸಮುದ್ರದ ನೀರಿಲ್ಲ. ಮೇಷ್ಟ್ರು ಕೆಡದ ಹಾಗೆ ಔಷಧದಲ್ಲಿ ಮುಳುಗಿಸಿ ಬಾಟಲಿಯಲ್ಲಿ ಕಾಲೇಜಿಗೆ ಇಟ್ಟುಕೊಳ್ಳುತ್ತೇವೆ, ಕೆಳಗೆ ನಿಮ್ಮ ಹೆಸರು ಬರೆಸುತ್ತೇವೆ ಅಂದರು. ನನಗೆ ಆಸೆಯಾಯಿತು. ಹುಲಿಗೆವ್ವ ಒಪ್ಪಲಿಲ್ಲ.

"ಜೀವಂತ ಬಂದೈತಿ, ಜೀವಂತ ಹೋಗಲಿ. ಇಮಾಮಣ್ಣ, ನಿಂದು ಕಡೀ ಖೇಪು ಯಾವಾಗ?"

ಮೂವರೂ ಲಾರಿಯ ಮುಂದೆ ಕುಳಿತು ಹೋದೆವು, ಕ್ಯಾನು ಅವಳ ಕಾಲುಗಳ ನಡುವೆ. ಸಮುದ್ರವನ್ನು ಅವಳು ನೋಡಿದ್ದು ಅದೇ ಮೊದಲು. ನಾನೂ ಅಷ್ಟೇ, ಆದರೆ ನಾನದನ್ನು ಹೇಳಲಿಲ್ಲ. ಬಂಡೆಗಳ ನಡುವೆ ಮೊಣಕಾಲು ನೀರಿಗೆ ಇಳಿದು ಕ್ಯಾನು ಬಗ್ಗಿಸಿದಳು. ಸಾವುಕಾರ ಸ್ವಲ್ಪ ಹೊತ್ತು ಅಲ್ಲೇ ಕುಳಿತ. ಆಮೇಲೆ ಒಂದು ಕೈ, ಮತ್ತೊಂದು ಕೈ, ಬಂಡೆಯ ಕೆಳಗೆ ನಡೆದುಹೋದ.

ನಾವು ಹೊರಟೆವು ಅನ್ನುವಾಗ ಅವಳು ಸೊಂಟದ ಗಂಟಿನಿಂದ ಬಟ್ಟೆ ಸುತ್ತಿದ ಲ್ಯಾಕ್ಟೋಮೀಟರ್ ತೆಗೆದಳು. ಚೊಂಬಿನಲ್ಲಿ ಸಮುದ್ರ ಮೊಗೆದು ತೇಲಿಬಿಟ್ಟಳು. ನನಗೆ ಪರೀಕ್ಷೆಯ ಫಲಿತಾಂಶ ಕಾಯುವಂತಾಯಿತು. ಕಡ್ಡಿ ಕುಣಿದು ಕುಣಿದು ನಿಂತಿತು. ಅದೇ ಗೆರೆ.

"ನಮ್ಮದು ಸರಿ ಇತ್ತ್ರಿ" ಅಂದಳು.

ಇಷ್ಟು ವರ್ಷವೂ ನಾನು ಈ ಕತೆಯನ್ನು ಹೇಳುತ್ತ ಬಂದದ್ದು "ನಾ ಸಾಕಿದ್ದೆ" ಎಂದೇ. ನಿನ್ನೆ ಸಂಜೆ ಪಕ್ಕದ ಮನೆಗೆ ಹೊಸದಾಗಿ ಬಂದ ಬ್ಯಾಂಕಿನವರ ಹೆಂಡತಿ, ಕುಮಟಾ ಕಡೆಯ ಹುಡುಗಿ, ಕಟ್ಟೆಯ ಮೇಲೆ ಕುಳಿತು, ನಿಮ್ಮೂರಲ್ಲಿ ಎಲ್ಲ ಉಂಟು ಅಜ್ಜಾ, ಸಮುದ್ರ ಒಂದಿಲ್ಲ ಅಂದಳು. ಹುಲಿಗೆವ್ವ ಪಕ್ಕದಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದಳು.

"ಇತ್ತವ್ವ" ಅಂದೆ ನಾನು. "ಹದಿನಾಲ್ಕು ತಿಂಗಳು ಇತ್ತು. ಇಕಿ ಇಟ್ಟಿದ್ಲು."

ಹುಡುಗಿ ತಮಾಷೆಯೆಂದುಕೊಂಡು ನನ್ನ ಹೆಂಡತಿಯ ಕಡೆ ತಿರುಗಿದಳು. ಹುಲಿಗೆವ್ವ ನನ್ನನ್ನು ಒಂದು ಕ್ಷಣ ನೋಡಿದಳು. ಎಲ್ಲಾ ಇವರದ ಅನ್ನುತ್ತಾಳೆಂದು ನಾನು ಕಾದೆ. ಅವಳು ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕುಳಿತು ಹೇಳಿದಳು:

"ಹೌದವ್ವ. ನಾನ ಇಟ್ಟಿದ್ನಿ."