ತಗಡಿಗೆ ಅಂಚು ಮಡಿಸಿದ ನೀಲಮ್ಮ ಟೀಚರ್

ನೀಲಮ್ಮ ಟೀಚರ್ ಹೊಲಿಗೆಯನ್ನು ಬೆರಳಿನಿಂದ ನೋಡುತ್ತಿದ್ದರು. ನಾವು ಹೊಲಿದುಕೊಂಡು ಹೋದ ಕರವಸ್ತ್ರದ ಅಂಚಿನ ಮೇಲೆ ಕಣ್ಣು ಮುಚ್ಚಿ ಹೆಬ್ಬೆರಳು ಓಡಿಸುವರು. ಬೆರಳು ಎಲ್ಲಾದರೂ ತಡೆದು ನಿಂತಿತೋ, ಕೆಲಸ ಕೆಟ್ಟಿತು. "ಬಿಚ್ಚು. ಮತ್ತ ಹೊಲಿ." ಸಂಡೂರಿನ ಹೈಸ್ಕೂಲಿನಲ್ಲಿ ಅವರ ಕೈಕೆಳಗೆ ಹೊಲಿಗೆ ಕಲಿತಷ್ಟು ಕಾಲವೂ ನಾನು ಅವರ ಬಾಯಿಂದ 'ಪಾಸ್' ಅನ್ನಿಸಿಕೊಳ್ಳಲಿಲ್ಲ.

ವಿನಯವೆಂಬುದು ಅವರ ಹತ್ತಿರ ಸುಳಿಯುತ್ತಿರಲಿಲ್ಲ. "ಈ ಸುತ್ತಿನಾಗ ನನ್ನಂಥಾ ಕೈ ಇನ್ನೊಂದಿದ್ರ ತೋರಿಸ್ರಿ ನೋಡೂಣು" ಎಂದು ಹೆಡ್‌ಮಾಸ್ಟರರ ಎದುರಿಗೇ ಹೇಳುವರು. ಹೆಡ್‌ಮಾಸ್ಟರರು ನಕ್ಕುಬಿಡುತ್ತಿದ್ದರು.

ಓದು ಮುಗಿದ ಮೇಲೆ ನಾನು ಮನೆಯಲ್ಲೇ ಕೂತು ಒಂದು ಫೋಟೊ ಸ್ಟುಡಿಯೋಗೆ ಮದುವೆ ಆಲ್ಬಮ್ ಮಾಡಿಕೊಡತೊಡಗಿದೆ. ನನ್ನದೇ ಅಂತ ಸಿಕ್ಕಿದ ಮೊದಲ ಕೆಲಸ ಅದು. ಕಂಪ್ಯೂಟರ್ ಮಾತ್ರ ಯಾವುದೋ ಆಫೀಸು ಬಿಸಾಕಿದ್ದು. ಬೇಸಿಗೆ ಬಂದರೆ ಕಾದು ಕಾದು, ಮದುಮಗಳ ಮೂಗುಬೊಟ್ಟು ತಿದ್ದುವ ಹೊತ್ತಿಗೆ ಸರಿಯಾಗಿ ಆರಿಹೋಗುತ್ತಿತ್ತು. ಎರಡು ಆಲ್ಬಮ್ ತಡವಾದವು. ಸ್ಟುಡಿಯೋದ ತಿಪ್ಪೇಸ್ವಾಮಿ ಬಾಗಿಲಲ್ಲೇ ನಿಂತು, "ಇನ್ನೊಮ್ಮೆ ತಡ ಆದ್ರ ಕೆಲಸ ಹೊಸಪೇಟಿಗೆ ಕಳಿಸ್ತೀನವಾ, ಬ್ಯಾಸರ ಮಾಡ್ಕೋಬ್ಯಾಡ" ಅಂದು ಹೋದರು. ಕಂಪ್ಯೂಟರಿಗೆ ಗಾಳಿಯಾಡುವ ಹೊಸ ತಗಡಿನ ಕ್ಯಾಬಿನೆಟ್ಟು ಕೊಳ್ಳುವ ಮಾತನ್ನು ನಮ್ಮ ಮನೆಯಲ್ಲಿ ಎತ್ತುವಂತಿರಲಿಲ್ಲ. ಪಕ್ಕದ ಓಣಿಯಲ್ಲೇ ಇದ್ದ ನೀಲಮ್ಮ ಟೀಚರ್ ಹತ್ತಿರ ಹೋಗಿ ಅತ್ತುಬಿಟ್ಟೆ.

ಅವರು ಬಂದು ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿಸಿ, ಉಗುರಿನಿಂದ ತಟ್ಟಿ ನೋಡಿದರು. "ತಗಡು ಅಂದ್ರೇನವಾ, ಅದೂ ಬಟ್ಟೀನಽ. ಹಠ ಸ್ವಲ್ಪ ಜಾಸ್ತಿ." ಪೇಪರಿನಲ್ಲಿ ಅಳತೆ ಕತ್ತರಿಸಿಕೊಂಡು, ಟೈಲರ್ ಚಾಕಿನಿಂದ ತಗಡಿನ ಮೇಲೆ ಗುಂಡಗೆ ಗೆರೆ ಎಳೆದು, ತಗಡು ಕತ್ತರಿಸುವ ಕತ್ತರಿಯಿಂದ ತೂತು ಮಾಡಿಯೇಬಿಟ್ಟರು. ಗುಜರಿಯಿಂದ ತಂದ ಹಳೆ ಫ್ಯಾನನ್ನು ಒಳಗಿನ ಬಿಸಿ ಹೊರಗೆ ತಳ್ಳುವಂತೆ ಅದಕ್ಕೆ ಕೂರಿಸಿದೆವು. ಇಷ್ಟಕ್ಕೇ ಬಿಡಲಿಲ್ಲ. ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಚೂಪಾಗಿದ್ದ ಅಂಚಿನ ಸುತ್ತ ರವಿಕೆಯ ಅಂಚಿನ ಪೈಪಿಂಗಿನಂತೆ ಮಡಿಸಿ ಅಂಟಿಸಿದರು. "ಅಂಚು ಮಡಿಸದ ಕೆಲಸ ನಂದಲ್ಲ."

ವಾರ ಕಳೆಯುವಷ್ಟರಲ್ಲಿ ಕಂಪ್ಯೂಟರ್ ಮತ್ತೆ ಆರಿತು. ಬಿಚ್ಚಿದರೆ ಒಳಗೆಲ್ಲ ಕೆಂಪು! ಮನೆ ಮುಂದೆ ಹಾಯುವ ಕಬ್ಬಿಣದ ಅದಿರಿನ ಲಾರಿಗಳ ಧೂಳು ಸಂದುಗೊಂದಿನಿಂದ ನುಗ್ಗಿ ಕುಂಕುಮ ಚೆಲ್ಲಿದ ಹಾಗೆ ಕೂತಿತ್ತು. ಟೀಚರ್ ಫ್ಯಾನನ್ನು ಬೈದರು, ಲಾರಿಗಳನ್ನು ಬೈದರು, ತಮ್ಮನ್ನು ಮಾತ್ರ ಬೈದುಕೊಳ್ಳಲಿಲ್ಲ. ಮುಖ ಊದಿಸಿಕೊಂಡೇ ಮನೆಗೆ ಹೋದರು.

ಮರುದಿನ ಮಧ್ಯಾಹ್ನ ಓಡಿಬಂದರು. ಕೈಯಲ್ಲಿ ರವೆ ಜರಡಿ, ಹೆಗಲ ಮೇಲೆ ಹಳೆ ವಾಯಿಲ್ ಸೀರೆಯ ತುಂಡು. "ಲೇ ಮಂಜುಳಾ, ಅಡಗಿಮನ್ಯಾಗ ಹೊಗಿ ಎಳಿಯೋ ಫ್ಯಾನ್ ಹಾಕಿದ್ರ ಬಾಗಿಲ ಸಂದಿನಾಗಿಂದ ಧೂಳು ಒಳಗ ಬರ್ತೈತಿ. ಫ್ಯಾನು ಒಳಗ ಊದಿದ್ರ ಅದಽ ಸಂದಿನಾಗಿಂದ ಗಾಳಿ ಹೊರಗ ಹೋಗ್ತೈತಿ, ಧೂಳಿಗೆ ದಾರೀನಽ ಇಲ್ಲ. ಫ್ಯಾನ್ ತಿರುವಿ ಹಾಕು!" ಫ್ಯಾನು ಒಳಮುಖವಾಗಿ ತಿರುಗಿತು. ಒಳಗೆ ಹೋಗುವ ಗಾಳಿಗೆ ಜರಡಿ, ಜರಡಿಯ ಮೇಲೆ ಸೀರೆಯ ತುಂಡು. "ವಾರಕ್ಕೊಮ್ಮೆ ಬಟ್ಟಿ ಒಗಿ. ಮರ್ತೀಯೋ, ನನ್ನ ಹೆಸರು ಹೇಳಬ್ಯಾಡ."

ಉರಿಬಿಸಿಲಿನಲ್ಲಿ, ಬಾಗಿಲ ಮುಂದೆ ಲಾರಿಗಳು ಸಾಲುಗಟ್ಟಿ ಹೋಗುತ್ತಿರುವಾಗಲೇ, ಮುಂದಿನ ಆಲ್ಬಮ್ ಮುಗಿಯಿತು. ಹೇಳಿದ ದಿನಕ್ಕಿಂತ ಮುಂಚೆ! ಒಮ್ಮೆಯೂ ಆರಲಿಲ್ಲ. ನಾನು ಕುಣಿದೆ, ಟೀಚರ್ ಓಣಿಯನ್ನೆಲ್ಲ ಕರೆದರು. ಆಲ್ಬಮ್ ಒಯ್ಯಲು ಬಂದ ತಿಪ್ಪೇಸ್ವಾಮಿಯವರ ಕೈ ಹಿಡಿದೆಳೆದು ಕ್ಯಾಬಿನೆಟ್ಟಿನ ಮೇಲೆ ಇಟ್ಟರು. "ಹೇಳ್ರಿ, ತಣ್ಣಗೈತೋ ಇಲ್ಲೋ?"

"ಐತ್ರಿ ಟೀಚರ್, ಐತಿ. ಕೈ ಬಿಡ್ರಿ."

ಆಮೇಲೆ ಆಲ್ಬಮ್‌ಗಳು ತಾವಾಗಿಯೇ ಬಂದವು. ಹೊಸಪೇಟೆಯ ಸ್ಟುಡಿಯೋದವರೂ ಕೆಲಸ ಕೊಡತೊಡಗಿದರು. ಟೀಚರ್ ರಿಟೈರ್ ಆಗಿ ಕಂಪ್ಲಿಯ ತಮ್ಮನ ಮನೆ ಸೇರಿದರು.

ಹೋದ ವರ್ಷ ಹೊಸ ಕಂಪ್ಯೂಟರ್ ಕೊಂಡೆ. ಅದರ ತಗಡಿಗೂ ತೂತು ಕೊರೆದು, ಟ್ಯೂಬಿನಿಂದ ಅಂಚು ಮಡಿಸಿದೆ, ಈ ಸಲ ನಾನೊಬ್ಬಳೇ. ಟೀಚರಿಗೆ ಕಣ್ಣು ಮಂಜಾಗಿದೆ, ಫೋಟೊ ಕಳಿಸಿದರೆ ಕಾಣುವುದಿಲ್ಲ ಎಂದು ಅವರ ತಮ್ಮ ಹೇಳಿದರು. ತಗಡನ್ನೇ ಬಿಚ್ಚಿ, ಹಳೆ ಟವೆಲಿನಲ್ಲಿ ಸುತ್ತಿಕೊಂಡು ಬಸ್ ಹತ್ತಿದೆ. "ಏನಕ್ಕಾ ಇದು?" ಎಂದು ಕಂಡಕ್ಟರ್ ಕೇಳಿದ. "ಹೊಲಿಗಿ ಪರೀಕ್ಷೆ ಐತಿ" ಅಂದೆ.

ಟೀಚರ್ ಮಂಚದ ಮೇಲೆ ಕೂತಿದ್ದರು, ಭಾಳ ಇಳಿದುಹೋಗಿದ್ದರು. ತಗಡನ್ನು ಅವರ ತೊಡೆಯ ಮೇಲಿಟ್ಟೆ. ಕಣ್ಣು ಮುಚ್ಚಿ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು. ನಾನು ಹೈಸ್ಕೂಲಿನ ಹುಡುಗಿಯಂತೆ ಕೈ ಕಟ್ಟಿ ನಿಂತೆ. ಬೆರಳು ಎಲ್ಲೂ ನಿಲ್ಲಲಿಲ್ಲ. ನಂಬಿಕೆ ಬಾರದೆ ಇನ್ನೊಂದು ಸುತ್ತು ಹಾಕಿದರು.

ದೀಪಾವಳಿಗೆ ಮತ್ತೆ ಹೋಗಬೇಕು ಅಂದುಕೊಂಡಿದ್ದೆ, ಅಷ್ಟರಲ್ಲಿ ಅವರು ಹೋಗಿಬಿಟ್ಟರು. ಆದರೆ ಆ ದಿನ ಅವರು ತಗಡನ್ನು ತಟ್ಟಿ, ಪಕ್ಕದ ಮನೆಗೂ ಕೇಳುವ ಹಾಗೆ ಹೇಳಿದ್ದರು:

"ಪಾಸ್. ಕಲಿಸಿದಾಕಿ ಯಾರು ಮತ್ತ?"