ಫೈಟರ್ ಮೀನಿಗೆ ದೊಡ್ಡಪ್ಪನ ಪಂಪು

ಕೇಳ್ರಪ್ಪಾ, ಈ ವಾಯ್ಸ್ ಮೆಸೇಜನ್ನು ಯಾರೂ ಫಾಸ್ಟ್ ಮಾಡಿ ಓಡಿಸಬೇಡಿ, ನಮ್ಮ ದೊಡ್ಡಪ್ಪನ ವಿಷಯ ಇದು. ನಿಧಾನವಾಗಿಯೇ ಕೇಳಬೇಕು.

ದೊಡ್ಡಪ್ಪ ಪಂಪ್ ಮೆಕ್ಯಾನಿಕ್. ನಾಲ್ಕನೇ ಮಹಡಿಯಲ್ಲಿರುವ ಮನುಷ್ಯರೆಲ್ಲ ಮೂವತ್ತು ವರ್ಷದಿಂದ ಅವರಿಗೆ ಫೋನ್ ಮಾಡಿ ಹೇಳುವುದು ಒಂದೇ ಮಾತು: "ನಲ್ಲೀಲಿ ನೀರು ದಾರದ ಥರ ಬರ್ತಿದೆ." ಇವರು ಹೋಗುತ್ತಾರೆ, ಹಿಂದೆ ರಿಪೇರಿ ಮಾಡಿದವನಿಗೆ ಬೈಯುತ್ತಾರೆ, ಪಂಪು ಬಿಚ್ಚಿ ಜೋಡಿಸುತ್ತಾರೆ. ನೀರು ಬಕೆಟ್ ಒಡೆಯುವ ಹಾಗೆ ಧುಮುಕುತ್ತದೆ. ಹೀಗಾಗಿ ಲೋಕದ ಸಕಲ ಕಷ್ಟಕ್ಕೂ ಪ್ರೆಶರ್ ಸಾಲದಿರುವುದೇ ಕಾರಣ ಎಂದು ಮಹಾಶಯರು ತೀರ್ಮಾನಿಸಿಬಿಟ್ಟಿದ್ದಾರೆ.

ದೊಡ್ಡಮ್ಮ ಇಪ್ಪತ್ತಾರು ವರ್ಷ ಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದು, ಕಳೆದ ತಿಂಗಳು ನಿವೃತ್ತಳಾದಳು. ಬೀಳ್ಕೊಡುಗೆ ದಿನ ಹೆಡ್‌ಮಾಸ್ಟರು ಅರ್ಧ ಗಂಟೆ ತಮ್ಮನ್ನು ತಾವೇ ಹೊಗಳಿಕೊಂಡು, ಕೊನೆಗೆ ಲ್ಯಾಬಿನ ಕಿಟಕಿಯಲ್ಲಿದ್ದ ಬೆಟ್ಟಾ ಮೀನನ್ನು ಜಾಡಿ ಸಮೇತ ಅವಳ ಕೈಗಿತ್ತರು. ಅಂಗಡಿಯವರು ಫೈಟರ್ ಅನ್ನುತ್ತಾರಲ್ಲ, ಅದೇ. ಹೆಬ್ಬೆರಳುದ್ದದ ನೀಲಿ ಮೈ, ಮೈಗಿಂತ ದೊಡ್ಡ ರೆಕ್ಕೆ. ವರ್ಷದಿಂದ ಅದಕ್ಕೆ ಕಾಳು ಹಾಕುತ್ತಿದ್ದವಳೂ ಇವಳೇ. ಈಗ ಹಗಲಿಡೀ ಖಾಲಿ ಮನೆ. ಅವಳು ಒಳಗೆ ಬಂದರೆ ಗಾಜಿನ ಹತ್ತಿರ ಓಡಿಬರುವ ಜೀವ ಅದೊಂದೇ. ದೊಡ್ಡಪ್ಪ ಫೋನಿನಿಂದ ತಲೆ ಎತ್ತಿದರೆ ಅದೇ ಹೆಚ್ಚು.

ಜಾಡಿಯ ನೀರು ಬೇಗ ಕೊಳೆಯಾಗುತ್ತದೆ, ಮೀನು ಬಾಳುವುದಿಲ್ಲ ಎಂದು ಯಾರೋ ಹೇಳಿದರು. ದೊಡ್ಡಮ್ಮ ಹೆದರಿ ನನ್ನನ್ನು ಕರೆದುಕೊಂಡು ಅಂಗಡಿಗೆ ಹೋಗಿ ಇಪ್ಪತ್ತು ಲೀಟರಿನ ಗಾಜಿನ ತೊಟ್ಟಿ ತಂದಳು. ಅಂಗಡಿಯವನು ಸ್ಪಂಜ್ ಫಿಲ್ಟರ್ ಹಾಕಿ ಎಂದಿದ್ದ. ಅದನ್ನು ಕೇಳಿ ದೊಡ್ಡಪ್ಪನಿಗೆ ಮೈಯೆಲ್ಲ ಉರಿಯಿತು.

"ಪಾತ್ರೆ ತಿಕ್ಕೋ ಸ್ಪಂಜು ಹಾಕ್ಬೇಕಂತಾ? ಈ ಮನೇಲಿ ನಾನೊಬ್ಬ ಇದೀನಿ ಅನ್ನೋದಾದ್ರೂ ನೆನಪಿದ್ಯಾ ನಿಂಗೆ?"

"ರೀ, ಅದು ಮೀನು. ನಾಲ್ಕನೇ ಮಹಡಿ ಅಲ್ಲ," ಎಂದಳು ದೊಡ್ಡಮ್ಮ.

ಯಾರು ಕೇಳಬೇಕು? ಯಾವುದೋ ಹೋಟೆಲಿನ ಕಾರಂಜಿಯಿಂದ ಬಿಚ್ಚಿಟ್ಟಿದ್ದ ಪಂಪು ಹೊರಬಂತು. ಗಂಟೆಗೆ ಆರುನೂರು ಲೀಟರ್ ಎತ್ತುವ ಮಹಾಶೂರ. ಅಂದರೆ ಇಡೀ ತೊಟ್ಟಿಯ ನೀರು ಗಂಟೆಗೆ ಮೂವತ್ತು ಸಲ ಸುತ್ತಬೇಕು. ಸ್ವಿಚ್ ಹಾಕಿದ್ದೇ ತಡ, ಮೀನು ವಾಷಿಂಗ್ ಮೆಷಿನ್ನಿನ ಕರ್ಚೀಫಿನಂತೆ ತಿರುಗತೊಡಗಿತು.

"ನೋಡ್ದ್ಯಾ, ಎಷ್ಟು ಖುಷಿಯಾಗಿ ಈಜ್ತಿದೆ!" ದೊಡ್ಡಪ್ಪ ನನ್ನ ಬೆನ್ನು ತಟ್ಟಿದರು.

ಆ ಖುಷಿಗೆ ಎರಡೇ ದಿನದಲ್ಲಿ ಮೀನಿನ ಬಾಲ ಚಿಂದಿಯಾಯಿತು. ತೊಟ್ಟಿಯ ಮೂಲೆಯಲ್ಲಿ ನೆಟ್ಟಿದ್ದ ನೀರುಗಿಡದ ಬುಡ ಸೇರಿ, ಕಾಳು ಹಾಕಿದರೂ ಬಾರದಾಯಿತು. ದೊಡ್ಡಮ್ಮ ಪಂಪಿನ ವೈರು ಕಿತ್ತು ಗಂಡನ ಮಡಿಲಿಗೆ ಹಾಕಿದಳು. ಕುರ್ಚಿಯನ್ನು ತೊಟ್ಟಿಯ ಪಕ್ಕಕ್ಕೆ ಎಳೆದುಕೊಂಡು ಕೂತಳು. ಆಮೇಲೆ ಅವರ ಜೊತೆ ಮಾತೇ ನಿಲ್ಲಿಸಿದಳು.

ಆ ಮೌನವನ್ನು ಒಂದು ದಿನ ತಡೆದುಕೊಂಡ ದೊಡ್ಡಪ್ಪ ಮರುದಿನ ನನ್ನನ್ನು ಗಾಡಿಯ ಹಿಂದೆ ಕೂರಿಸಿಕೊಂಡರು. ಅಂಗಡಿಯವನ ಮುಂದೆ ಮಾತ್ರ ಎದೆ ಸೆಟೆಸಿ ನಿಂತು, "ಏನಯ್ಯಾ, ಎಂಥಾ ಮೀನು ಕಣಯ್ಯಾ ಇದು? ಚೂರು ನೀರು ಜೋರಾಗಿ ಬಂದ್ರೆ ತಡ್ಕೊಳಲ್ಲ!" ಎಂದರು.

"ಸಾರ್, ಅದು ಹೆಚ್ಚುಕಡಿಮೆ ನಿಂತ ನೀರಿನ ಮೀನು."

"ನಿಂತ ನೀರಲ್ಲಿ ಸೊಳ್ಳೆಮರಿ ಆಗುತ್ತೆ."

"ಅದನ್ನೇ ಸಾರ್ ಅದು ತಿನ್ನೋದು."

ದೊಡ್ಡಪ್ಪ ಬಾಯಿ ಮುಚ್ಚಿಕೊಂಡಿದ್ದನ್ನು ನಾನು ಹುಟ್ಟಿದ ಮೇಲೆ ಮೊದಲ ಸಲ ಕಂಡೆ. ರೆಕಾರ್ಡ್ ಮಾಡಿಕೊಳ್ಳಲಿಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಸ್ಪಂಜ್ ಫಿಲ್ಟರ್ ಮನೆಗೆ ಬಂತು. ಸಣ್ಣ ಮೋಟಾರು ಕೊಳವೆಯಲ್ಲಿ ಗಾಳಿ ಕಳಿಸುತ್ತದೆ, ಗುಳ್ಳೆ ಮೇಲೇರುವಾಗ ನೀರು ಸ್ಪಂಜಿನೊಳಗೆ ಮೆಲ್ಲಗೆ ಹಾದು ಕೊಳೆ ಅಲ್ಲೇ ಉಳಿಯುತ್ತದೆ. ಅಷ್ಟೇ. ಮೋಟಾರನ್ನು ತೊಟ್ಟಿಗಿಂತ ಕೆಳಗೆ ಇಡಬೇಕಾಗಿ ಬಂದಾಗ ದೊಡ್ಡಪ್ಪ ಕೊಳವೆಯ ನಡುವೆ ಒಂದು ಪುಟ್ಟ ವಾಲ್ವ್ ಸೇರಿಸಿದರು. "ಕರೆಂಟ್ ಹೋದ್ರೆ ನೀರು ಹಿಂದಕ್ಕೆ ಇಳಿದು ಮೋಟಾರ್ ಸುಟ್ಟುಹೋಗುತ್ತೆ. ಆ ಅಂಗಡಿಯವನು ಇದನ್ನ ಹೇಳಿದ್ನಾ? ಹೇಳಿಲ್ಲ!" ಇಡೀ ವಾರದಲ್ಲಿ ಸಿಕ್ಕ ಒಂದೇ ಗೆಲುವು, ಮೂರು ಸಲ ಹೇಳಿಕೊಂಡರು.

ಆದರೆ ಗಾಳಿ ಇನ್ನೂ ಜೋರಾಗಿತ್ತು. ನಲ್ಲಿಗೆ ಸುತ್ತುವ ಬಿಳಿ ಟೇಪಿನ ಚೂರೊಂದನ್ನು ಹರಿದು ನೀರಿನ ಮೇಲೆ ಬಿಟ್ಟರು. ಅದು ದೋಣಿಯಂತೆ ಓಡಿತು. ಕನ್ನಡಕ ಏರಿಸಿ, ಉಸಿರು ಬಿಗಿಹಿಡಿದು, ಗಾಳಿಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರು. ನೋಡಿದರು. ಮತ್ತೆ ತಿರುಗಿಸಿದರು. ನಾಲ್ಕು ಅಂತಸ್ತಿಗೆ ಹತ್ತು ನಿಮಿಷದಲ್ಲಿ ನೀರು ಏರಿಸುವ ಮನುಷ್ಯ ಒಂದು ಗುಳ್ಳೆಯನ್ನು ಸಣ್ಣದು ಮಾಡಲು ಇಡೀ ಮಧ್ಯಾಹ್ನ ತೆಗೆದುಕೊಂಡರು. ಕೊನೆಗೆ ಟೇಪು ಇದ್ದಲ್ಲೇ ನಿಂತಿತು. ದೊಡ್ಡಮ್ಮ ಎಲ್ಲವನ್ನೂ ಕುರ್ಚಿಯಿಂದಲೇ ನೋಡಿದಳು.

ಮೂರನೆಯ ದಿನ ಬೆಳಿಗ್ಗೆ ಗಿಡದ ಬುಡ ಅಲ್ಲಾಡಿತು. ಹರಿದ ಬಾಲ ಎಳೆದುಕೊಂಡು ಮೀನು ಮೇಲೆ ಬಂತು, ದೊಡ್ಡಮ್ಮನ ಬೆರಳ ತುದಿಯ ಕಾಳನ್ನು ಗಬಕ್ಕನೆ ಕಚ್ಚಿತು. ಬಾಗಿಲಲ್ಲಿ ಟೂಲ್ ಬ್ಯಾಗ್ ಹಿಡಿದು ನಿಂತಿದ್ದ ದೊಡ್ಡಪ್ಪ ಕೆಲಸಕ್ಕೆ ಹೋಗುವುದನ್ನೇ ಮರೆತಿದ್ದರು.

ದೊಡ್ಡಮ್ಮ ತಿರುಗಿ ನೋಡದೆಯೇ ಕೇಳಿದಳು: "ಕೈ ತೊಳ್ದಿದೀರಾ?"

"ಹ್ಞೂಂ."

"ಸೋಪಿಲ್ದೆ ತಾನೆ? ಮೀನಿಗೆ ಆಗಲ್ಲ."

"ಬರೀ ನೀರಲ್ಲಿ ಕಣೇ."

"ಬನ್ನಿ, ಒಂದು ಕಾಳು ಹಾಕಿ. ಒಂದೇ."

ದೊಡ್ಡಪ್ಪ ಹಾಕಿದರು. ಮೀನು ಬಾಯಿಗೆ ತೆಗೆದುಕೊಂಡು ಪಿಚಕ್ಕನೆ ಉಗಿಯಿತು. ದೊಡ್ಡಪ್ಪನ ಮುಖ ಇಷ್ಟು ಚಿಕ್ಕದಾಯಿತು.

"ಅದು ಹಾಗೇನೇ ರೀ, ಮೊದ್ಲು ಉಗಿದು ನೋಡುತ್ತೆ," ಎಂದು ಅವರ ಮೊಣಕೈ ಹಿಡಿದು ನಿಲ್ಲಿಸಿದಳು ದೊಡ್ಡಮ್ಮ. "ಸ್ವಲ್ಪ ಕಾಯಿರಿ."

ಕಾದರು. ಎರಡನೇ ಸಲಕ್ಕೆ ನುಂಗಿತು.