ಬೆರಳು ಮರಗಟ್ಟಿದ ಬೆಳಗುಗಳು

ನಾನು ಸಾತನೂರು ಕಡೆಯ ಒಂದು ಹಳ್ಳಿಯಲ್ಲಿ ಪಶುವೈದ್ಯನಾಗಿದ್ದಾಗ ನಮ್ಮ ಮನೆ ಇದ್ದದ್ದು ಕನಕಪುರದಲ್ಲಿ. ಹೆಂಡತಿ ಅಲ್ಲಿನ ಹೈಸ್ಕೂಲೊಂದರಲ್ಲಿ ಪಾಠ ಹೇಳುತ್ತಿದ್ದಳು. ಆ ಹಳ್ಳಿಯಲ್ಲಿ ಸಂಸಾರ ಹೂಡುವಂಥ ಮನೆ ಸಿಕ್ಕಿರಲಿಲ್ಲ. ಹಾಗಾಗಿ ದಿನವೂ ಮೋಟಾರ್ ಸೈಕಲ್ಲಿನ ಮೇಲೆ ಹೋಗಿ ಬರುವುದು. ಒಂದು ವರ್ಷದ ಮಟ್ಟಿಗೆ ಎಂದುಕೊಂಡು ಶುರುಮಾಡಿದ್ದು ಹಾಗೇ ಮುಂದುವರಿಯಿತು.

ಬೇಸಿಗೆಯಲ್ಲಿ ಆ ರಸ್ತೆ ಏನೂ ಅಲ್ಲ. ರಾಗಿ ಕುಯ್ಲು ಮುಗಿದು ಹೊಲಗಳು ಬರಿದಾಗಿ, ಸೊಗಡವರೆಯ ಮೇಲೆ ಇಬ್ಬನಿ ಕೂರುವ ಕಾಲ ಬಂತೆಂದರೆ ನನಗೆ ಹಿಂದಿನ ದಿನ ಸಂಜೆಯಿಂದಲೇ ಆಯಾಸ ಶುರುವಾಗುತ್ತಿತ್ತು. ಊರುಗಳಿಗೆ ಹಾಲಿನ ವ್ಯಾನು ಬಂದು ಹೋಗುವುದು ನಸುಕಿನಲ್ಲಿ. ಯಾರ ಮನೆಯಲ್ಲಾದರೂ ಹಸು ಈಯಲಾರದೆ ಒದ್ದಾಡುತ್ತಿದ್ದರೆ ಅವರು ವ್ಯಾನಿನ ಡ್ರೈವರಿಗೆ ಹೇಳಿ ಕಳಿಸುತ್ತಿದ್ದರು. ಅವನು ಕನಕಪುರಕ್ಕೆ ಬಂದವನೇ ನಮ್ಮ ಬೀದಿಯ ತುದಿಯಲ್ಲಿ ನಿಂತು ಹಾರನ್ನು ಒತ್ತುತ್ತಿದ್ದ. ಆ ಹಾರನ್ನು ಕೇಳಿ ನಾನು ಏಳುವ ಮೊದಲೇ ಹೆಂಡತಿ ಎದ್ದು ಸ್ಟೌವ್ ಹಚ್ಚುತ್ತಿದ್ದಳು. ಕಾಫಿಯ ಲೋಟವನ್ನು ನನ್ನ ಎರಡೂ ಕೈಗಳ ನಡುವೆ ಇಟ್ಟು, ಒಳಗೆ ಹೋಗಿ ಮತ್ತೆ ಮಲಗುತ್ತಿದ್ದಳು.

ಮೈಗೆ ಚಳಿಯಾದರೆ ತಡೆಯಬಹುದು. ಎದೆಗೆ ಹಳೇ ಪೇಪರು ಹಾಸಿಕೊಂಡು ಮೇಲೆ ಸ್ವೆಟರು ತೊಟ್ಟರೆ ಗಾಳಿ ನುಗ್ಗುವುದಿಲ್ಲ. ತಲೆಗೆ ಮಫ್ಲರು, ಕಾಲಿಗೆ ಎರಡು ಜೊತೆ ಕಾಲುಚೀಲ. ಕೈಗೆ ಮಾತ್ರ ಏನು ಮಾಡಿದರೂ ಸಾಲುತ್ತಿರಲಿಲ್ಲ. ಎಡಗೈಗಾದರೂ ಒಸಿ ಬಿಡುವುಂಟು. ನೇರವಾದ ರಸ್ತೆ ಸಿಕ್ಕಿದಾಗ ಕಂಕುಳಲ್ಲಿ ಇಟ್ಟುಕೊಳ್ಳಬಹುದು, ತೊಡೆಯಡಿಗೆ ಸಿಕ್ಕಿಸಬಹುದು. ಬಲಗೈ ಆಕ್ಸಿಲರೇಟರು ಬಿಡುವಂತಿಲ್ಲ. ಮೊದಲು ಬೆರಳ ತುದಿ ಉರಿಯುತ್ತದೆ, ಆಮೇಲೆ ನೋಯುತ್ತದೆ, ಆಮೇಲೆ ನೋವೂ ನಿಂತುಹೋಗುತ್ತದೆ. ನೋವು ನಿಂತಾಗಲೇ ನನಗೆ ಭಯ. ಬ್ರೇಕು ಹಿಡಿದಿದ್ದೇನೆಯೋ ಇಲ್ಲವೋ ಎಂದು ಬಗ್ಗಿ ಕಣ್ಣಲ್ಲಿ ನೋಡಿ ತಿಳಿಯಬೇಕಾಗುತ್ತಿತ್ತು.

ಹೆಂಡತಿ ಉಲ್ಲನ್ನಿನ ಕೈಗವಸು ಹೆಣೆದುಕೊಟ್ಟಳು. ಅದರೊಳಗೆ ಗಾಳಿ ಜರಡಿಯಲ್ಲಿ ಹಾದಂತೆ ಹಾಯುತ್ತಿತ್ತು. ಬೆಂಗಳೂರಿಗೆ ಹೋದಾಗ ಚರ್ಮದ ಕೈಗವಸು ತಂದೆ. ಇಬ್ಬನಿಯಲ್ಲಿ ನೆಂದು ಒಣಗಿ ಅದು ಒಣಕೊಬ್ಬರಿ ಚಿಪ್ಪಿನಂತೆ ಗಟ್ಟಿಯಾಗಿ ಕ್ಲಚ್ಚು ಹಿಡಿಯಲು ಬಿಡಲಿಲ್ಲ. ಉಲ್ಲನ್ನಿನ ಮೇಲೆ ಹಾಲಿನ ಖಾಲಿ ಕವರು ಸಿಕ್ಕಿಸಿ ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಹೋದದ್ದೂ ಉಂಟು. ಅರ್ಧ ದಾರಿಯವರೆಗೆ ಬೆಚ್ಚಗಿರುತ್ತಿತ್ತು. ಆಮೇಲೆ ಒಳಗೆ ಬೆವೆತು, ಬೆವರೇ ತಣ್ಣಗಾಗಿ, ಇದ್ದುದಕ್ಕಿಂತ ಹೆಚ್ಚು ಕೊರೆಯುತ್ತಿತ್ತು.

ಬೇರೆಯವರಾಗಿದ್ದರೆ ತಲುಪಿದ ಮೇಲೆ ಸಾವಕಾಶವಾಗಿ ಕೈ ಕಾಯಿಸಿಕೊಂಡು ಕೆಲಸ ಶುರುಮಾಡಬಹುದು. ನನ್ನದು ಹಸುವಿನ ಹೊಟ್ಟೆಯೊಳಗೆ ಕೈಯಿಟ್ಟು, ಕಣ್ಣಿಗೆ ಕಾಣದ್ದನ್ನು ಬೆರಳಲ್ಲಿ ತಿಳಿಯುವ ಕೆಲಸ. ಮುಂಗಾಲೋ ಹಿಂಗಾಲೋ, ಮಂಡಿಯೋ ಮೂತಿಯೋ ಎಲ್ಲವನ್ನೂ ಬೆರಳೇ ಹೇಳಬೇಕು. ಮರಗಟ್ಟಿದ ಬೆರಳು ಏನನ್ನೂ ಹೇಳುವುದಿಲ್ಲ.

ಆ ಸೀಮೆಯಲ್ಲಿ ಮನೆಮನೆಗೂ ರೇಷ್ಮೆ ಹುಳು. ಚಳಿಗಾಲದಲ್ಲಿ ಹುಳು ಸೊರಗಬಾರದೆಂದು ಹುಳುವಿನ ಕೋಣೆಯಲ್ಲಿ ಇದ್ದಿಲ ಒಲೆ ಇಟ್ಟು, ಬಾಗಿಲಿಗೆ ಗೋಣಿ ಇಳಿಬಿಟ್ಟಿರುತ್ತಿದ್ದರು. ಗೋಣಿಯ ಸಂದಿಯಿಂದ ಬರುವ ಬಿಸಿ ಮುಖಕ್ಕೆ ತಾಕಿದರೆ ಅಲ್ಲೇ ಕುಸಿದು ಕೂರಬೇಕೆನಿಸುತ್ತಿತ್ತು. ಆದರೆ ನನಗೆ ಒಳಗೆ ಪ್ರವೇಶವಿರಲಿಲ್ಲ. ನನ್ನ ಬಟ್ಟೆಗೆ ಔಷಧಿಯ ವಾಸನೆ, ಹುಳುವಿಗೆ ಅದು ಆಗದು. ಅವರು ಹೇಳುವುದು ನಿಜವೇ. ನಾನು ಹೊರಗೆ ಜಗಲಿಯ ಮೇಲೆ ಕೂತು ಬಿಸಿನೀರಿಗೆ ಕಾಯುತ್ತಿದ್ದೆ.

ಇಂಥದೇ ಒಂದು ಮಾಗಿಯ ಬೆಳಿಗ್ಗೆ ಹಾರನ್ನು ಕೇಳಿಸಿತು. ಡ್ರೈವರು ವ್ಯಾನಿನಿಂದ ಇಳಿಯದೆಯೇ ಹೇಳಿದ. ಸಾತನೂರಿನಿಂದ ಒಳಕ್ಕೆ, ದೊಡ್ಡ ರಸ್ತೆ ಬಿಟ್ಟು ಹೋಗಬೇಕಾದ ಊರು. ಅಲ್ಲೊಬ್ಬ ಮುದುಕಿಯ ಮನೆಯ ಸೀಮೆಹಸು ರಾತ್ರಿಯಿಂದ ತಿಣುಕುತ್ತಿತ್ತು. ಕರುವಿನ ಕಾಲು ಕಂಡಿದೆ, ತಲೆ ಬರುತ್ತಿಲ್ಲ.

ಆ ದಿನದ ಮಂಜು ಬೇರೆಯೇ ಥರದ್ದು. ಹೆಡ್‌ಲೈಟಿನ ಬೆಳಕು ಗೋಡೆಗೆ ಬಡಿದಂತೆ ಮುಂದೆಯೇ ನಿಲ್ಲುತ್ತಿತ್ತು. ನಿಧಾನ ಹೋದಷ್ಟೂ ದಾರಿ ಉದ್ದವಾಯಿತು, ಕೈ ಸೆಟೆಯಿತು. ಸಾತನೂರು ತಲುಪುವ ಮೊದಲೇ ಬಲಗೈ ನನ್ನದಲ್ಲ ಎನಿಸಿತು. ಒಂದು ಮೋರಿಯ ಹತ್ತಿರ ಗಾಡಿ ನಿಲ್ಲಿಸಿ, ಎಂಜಿನ್ ಆರಿಸದೆ, ಕೈಗವಸು ಕಳಚಿ ಎಂಜಿನ್ನಿನ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಅದು ನನ್ನ ದಿನದ ಅಭ್ಯಾಸ. ಮುಟ್ಟದೆ, ಒಂದು ಗೇಣು ದೂರದಲ್ಲಿ ಅಂಗೈ ಹಿಡಿಯುವುದು.

ನಿದ್ದೆ ಸಾಲದೆ ಕಣ್ಣು ಎಳೆಯುತ್ತಿತ್ತು. ಒಂದು ಕ್ಷಣ ತೂಕಡಿಸಿರಬೇಕು. ಮುಂದಕ್ಕೆ ವಾಲಿ ಅಂಗೈ ಎಂಜಿನ್ನಿಗೆ ಆನಿಕೊಂಡಿತು. ಸುಟ್ಟದ್ದು ನನಗೆ ತಿಳಿಯಲಿಲ್ಲ. ಮೊದಲು ತಿಳಿದದ್ದು ವಾಸನೆ. ಏನು ವಾಸನೆ ಎಂದು ಯೋಚಿಸಿ, ಕೈ ತೆಗೆದು, ಟಾರ್ಚು ಹಾಕಿ ನೋಡಿದರೆ ಅಂಗೈ ತುಂಬ ಎಂಜಿನ್ನಿನ ಪಟ್ಟಿಗಳ ಗುರುತು ಸಾಲಾಗಿ ಮೂಡಿತ್ತು. ನೋವು ಬಂದದ್ದು ಮತ್ತೆ ಗಾಡಿ ಹತ್ತಿದ ಮೇಲೆ. ಹಿಂದಕ್ಕೆ ಹೋಗೋಣವೇ ಅಂದುಕೊಂಡೆ. ಕನಕಪುರ ಹಿಂದೆ ಬಹಳ ದೂರ ಉಳಿದಿತ್ತು, ಊರು ಹತ್ತಿರವಿತ್ತು. ಅಷ್ಟೇ ಕಾರಣ. ಕರ್ತವ್ಯ ಗಿರ್ತವ್ಯ ಏನೂ ನೆನಪಾಗಲಿಲ್ಲ.

ಕೊಟ್ಟಿಗೆಯಲ್ಲಿ ಮೂವರಿದ್ದರು. ಮುದುಕಿ, ಅವಳ ಮಗ, ಹೊಸದಾಗಿ ಬಂದ ಸೊಸೆ. ಹಸು ನಿಂತೇ ಇತ್ತು, ಬಾಲ ಎತ್ತಿಕೊಂಡು. ಮುದುಕಿ ನನ್ನ ಮುಖ ನೋಡಿದವಳೇ ಹುಳುವಿನ ಕೋಣೆಗೆ ಹೋಗಿ ಒಂದು ಮಣ್ಣಿನ ಬಾಂಡ್ಲಿಯಲ್ಲಿ ಕೆಂಡ ತಂದಿಟ್ಟಳು.

“ಒಸಿ ಕೈ ಕಾಯಿಸ್ಕಳಿ ಸಾಮಿ. ಚಳೀಲಿ ಬಂದಿದೀರಿ.”

ಅಷ್ಟು ವರ್ಷಗಳಲ್ಲಿ ಹುಳುವಿನ ಪಾಲಿನ ಕೆಂಡ ನನಗೆಂದು ತಂದವಳು ಅವಳೊಬ್ಬಳೇ. ನಾನು ಅಂಗೈ ತಿರುಗಿಸಿ ತೋರಿಸಿದೆ.

“ಯಾಕ್ ಸಾ, ಏನ್ ಮಾಡ್ಕಬುಟ್ರಿ?” ಎಂದ ಮಗ.

“ಎಂಜಿನ್ನು ತಾಗ್ತು. ಇರಲಿ, ಬಿಸಿನೀರು ಸೋಪು ಕೊಡಿ.”

ಎಡಗೈ ತೊಳೆದು ಒಳಗೆ ಹಾಕಿದೆ. ಹಸುವಿನೊಳಗಿನ ಬಿಸಿಗೆ ಬೆರಳಿಗೆ ಜೀವ ಬರತೊಡಗಿತು. ಸೂಜಿ ಚುಚ್ಚಿದಂತೆ, ಒಂದೊಂದೇ. ಗೊತ್ತಾಯಿತು. ಕರುವಿನ ಎರಡೂ ಮುಂಗಾಲು ಸರಿಯಾಗಿಯೇ ಬಂದಿದ್ದವು, ತಲೆ ಮಾತ್ರ ಎಡಕ್ಕೆ ಮಡಿಚಿ ಹಿಂದಕ್ಕೆ ಹೋಗಿತ್ತು. ಅದನ್ನು ಈಚೆಗೆ ತರಲು ಬಲಗೈಯೇ ಬೇಕು. ಹಲ್ಲು ಕಚ್ಚಿ ಬಲಗೈಯನ್ನೂ ಸೋಪಿನ ನೀರಿಗೆ ಅದ್ದಿದೆ. ಬೊಕ್ಕೆ ಒಡೆಯಿತು. ಬೆರಳು ಮಡಿಸಲು ಆಗಲೇ ಇಲ್ಲ. ಕೊಟ್ಟಿಗೆಯ ಕಂಬಕ್ಕೆ ಒರಗಿದೆ. ಅವರು ಮೂವರೂ ನನ್ನನ್ನೇ ನೋಡುತ್ತಿದ್ದರು.

ಕೈ ತೋರಿಸು ಎಂದು ಮಗನಿಗೆ ಹೇಳಿದೆ. ನೇಗಿಲು ಹಿಡಿದು ದಪ್ಪಗಾದ ಕೈ. ಆ ಇಕ್ಕಟ್ಟಿನಲ್ಲಿ ಮುಂದೆ ಹೋಗದು. ಸೊಸೆ ಲಾಂದ್ರ ಹಿಡಿದು ನಿಂತಿದ್ದಳು. ಅವಳದು ತೆಳ್ಳಗಿನ, ಉದ್ದನೆಯ ತೋಳು.

“ತಾಯಿ, ನೀನು ಕೈ ಹಾಕ್ಬೇಕು. ನಾನು ಹೇಳಿದ ಹಾಗೆ ಮಾಡಿದ್ರೆ ಸಾಕು” ಎಂದೆ.

ಮುದುಕಿ ಅಡ್ಡ ಬಂದಳು. “ಅವ್ಳ ಕೈಲಿ ಏನಾದದು ಸಾಮಿ. ಇನ್ನೂ ಹಸೀನ ಬಾಲ ಇಡ್ದೂ ಗೊತ್ತಿಲ್ಲ.”

“ಬೇರೆ ಡಾಕ್ಟ್ರನ್ನ ಕರೆಸೋ ಹೊತ್ತಿಗೆ ಹಸುನೂ ಉಳಿಯಲ್ಲ ಅವ್ವ. ಬಲಗೈ ಬಳೆ ತೆಗೀಬೇಕು.”

ಬಳೆ ಎಂದದ್ದೇ ಮುದುಕಿ ಸೊಸೆಯ ಮಣಿಕಟ್ಟು ಹಿಡಿದುಕೊಂಡಳು. ಮದುವೆಯಾಗಿ ವರ್ಷ ತುಂಬದ ಹುಡುಗಿಯ ಕೈ ಬರಿದು ಮಾಡುವುದು ಅವಳಿಗೆ ಸಣ್ಣ ಮಾತಾಗಿರಲಿಲ್ಲ. ಸೊಸೆಯೇ ಮೆಲ್ಲಗೆ ಹೇಳಿದಳು.

“ಒಂದ್ ಕೈದು ತಾನೆ ಅತ್ತೆ. ಇನ್ನೊಂದ್ ಕೈಲಿ ಇರ್ತಾವಲ್ಲ.”

ಮುದುಕಿ ಸೋಪಿನ ನೊರೆ ಹಚ್ಚಿ, ಗಾಜಿನ ಬಳೆಗಳನ್ನು ಒಂದೂ ಒಡೆಯದಂತೆ ತಾನೇ ಜಾರಿಸಿ ತೆಗೆದು, ತನ್ನ ಮಡಿಲಿಗೆ ಹಾಕಿಕೊಂಡಳು.

ನಾನು ಆ ಹುಡುಗಿಯ ಪಕ್ಕದಲ್ಲಿ ನಿಂತು ಹೇಳುತ್ತ ಹೋದೆ. ಬೆರಳು ಕೂಡಿಸಿಕೋ. ಕಾಲಿನ ಗುಂಟ ಹೋಗು. ಹಸು ತಿಣುಕಿದಾಗ ಕೈ ಆಡಿಸಬೇಡ, ನಿಲ್ಲಿಸು. ಮೊದಲ ಸಲ ಹಸು ತಿಣುಕಿದಾಗ ಅವಳ ಕಣ್ಣಲ್ಲಿ ನೀರು ಬಂತು. ಆ ಒತ್ತು ಹೇಗಿರುತ್ತದೆಂದು ನನಗೆ ಗೊತ್ತು. ತೋಳು ಮುರಿದೇ ಹೋಯಿತು ಅನಿಸುತ್ತದೆ.

“ಏನು ಸಿಕ್ತು?”

“ಮೆತ್ತಗೆ... ಕೂದ್ಲು ಐತೆ.”

“ಕುತ್ತಿಗೆ ಅದು. ಬಿಡಬೇಡ. ಅದರ ಜೊತೇಲೇ ಎಡಕ್ಕೆ ಹೋಗು.”

“ಕಿವಿ ಸಾ. ಕಿವಿ ಸಿಕ್ತು.”

“ಇನ್ನೂ ಮುಂದೆ. ಕಣ್ಣು ಸಿಗುತ್ತೆ, ಮೆಲ್ಲಗೆ ದಾಟು. ಆಮೇಲೆ ಮೂತಿ.”

ಅವಳ ಭುಜ ಹಸುವಿಗೆ ಒತ್ತಿಕೊಂಡಿತು. ಕೆನ್ನೆ ಅದರ ಹಿಂಭಾಗಕ್ಕೆ ತಾಗಿತ್ತು. ಆಮೇಲೆ ನನ್ನ ಕಡೆ ತಿರುಗಿದಳು.

“ಸಾ, ನನ್ ಬೆರ್ಳು ಚೀಪ್ತಾ ಐತೆ.”

ಕರು ಬದುಕಿತ್ತು. ನಾನು ಅದುವರೆಗೂ ಅದು ಸತ್ತಿದೆಯೆಂದೇ ತಿಳಿದಿದ್ದೆ, ಹಸು ಉಳಿದರೆ ಸಾಕೆಂದು ಇದೆಲ್ಲ ಮಾಡಿಸುತ್ತಿದ್ದೆ. ಮುದುಕಿಯೂ ಹಾಗೆಯೇ ತಿಳಿದಿದ್ದಳೆಂದು ತೋರುತ್ತದೆ. ಅವಳು ಅಲ್ಲೇ ಮೇವಿನ ಗೊಂತಿನ ಅಂಚಿಗೆ ಕೂತುಬಿಟ್ಟಳು.

“ಮೂತೀನ ಅಂಗೈಲಿ ಮುಚ್ಕೋ, ಹಲ್ಲು ಹಸುಗೆ ತಾಗದ ಹಾಗೆ. ನಾನು ಕಾಲು ಒಳಕ್ಕೆ ತಳ್ತೀನಿ, ನೀನು ಮೂತಿ ಈಚೆಗೆ ತಾ.”

ಎಡಗೈಯಲ್ಲಿ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಕಾಲುಗಳನ್ನು ಹಿಂದಕ್ಕೆ ತಳ್ಳಿ ಹಿಡಿದೆ. ಒಂದು ಸಲ ಜಾರಿತು. ಇನ್ನೊಂದು ಸಲವೂ ಜಾರಿತು. ಅವಳು ಉಸಿರು ಬಿಟ್ಟು, ಮತ್ತೆ ತೋಳು ಚಾಚಿದಳು. ಮೂರನೆಯ ಸಲ ಒಳಗೆ ಏನೋ ಹೊರಳಿದ್ದು ನನ್ನ ಕೈಗೂ ತಿಳಿಯಿತು. ತಲೆ ದಾರಿಗೆ ಬಂದಿತ್ತು. ಆಮೇಲೆ ಕಾಲಿಗೆ ಹಗ್ಗ ಹಾಕಿ ಅವಳ ಗಂಡ ಎಳೆದ. ಕರು ಹುಲ್ಲಿನ ಮೇಲೆ ಬಿತ್ತು, ಸೀನಿತು.

ಮುದುಕಿ ಅದರ ಹಿಂಗಾಲು ಸರಿಸಿ ನೋಡಿ, “ಹೋರಿ” ಎಂದಳು. ಸೀಮೆಹಸುವಿನ ಹೋರಿಕರು ಹಾಲಿಗೂ ಇಲ್ಲ, ನೇಗಿಲಿಗೂ ಇಲ್ಲ, ಯಾರಿಗೂ ಬೇಡದ್ದು. ಆದರೂ ಅವಳು ಅದರ ಮೂಗಿನ ಲೋಳೆ ಒರೆಸಿ, ಗೋಣಿಯಿಂದ ಮೈ ತಿಕ್ಕಿದಳು. ಸೊಸೆ ಗೋಡೆಗೆ ಒರಗಿ ತನ್ನ ತೋಳನ್ನೇ ನೋಡಿಕೊಳ್ಳುತ್ತಿದ್ದಳು.

“ಒಳ್ಗೆ ಎಷ್ಟ್ ಬೆಚ್ಚಗಿತ್ತು ಸಾ” ಎಂದಳು. ಆಮೇಲೆ ಯಾಕೋ ನಕ್ಕಳು.

ಆ ದಿನ ನಾನು ಗಾಡಿ ಓಡಿಸಲಿಲ್ಲ. ಅವಳ ಗಂಡ ನನ್ನ ಗಾಡಿಯಲ್ಲೇ ನನ್ನನ್ನು ಹಿಂದೆ ಕೂರಿಸಿಕೊಂಡು ಕನಕಪುರದ ಆಸ್ಪತ್ರೆಗೆ ಬಿಟ್ಟ. ದಾರಿಯುದ್ದಕ್ಕೂ ಅವನೂ ಚಳಿಗೆ ಬಲಗೈಯ ಬೆರಳನ್ನು ಹಿಡಿಯ ಮೇಲೆಯೇ ಆಗಾಗ ಬಿಚ್ಚಿ ಮುಚ್ಚಿ ಮಾಡುತ್ತಿದ್ದುದನ್ನು ನೋಡಿದೆ.

ಕೈ ವಾಸಿಯಾಗಲು ಬಹಳ ದಿನ ಹಿಡಿಯಿತು. ಹೆಂಡತಿ ಮುದ್ದೆಯನ್ನು ಸಾರಲ್ಲಿ ಅದ್ದಿ ತುತ್ತು ಮಾಡಿ ನನ್ನ ಬಾಯಿಗಿಟ್ಟು, ತಡವಾಯಿತೆಂದು ಸ್ಕೂಲಿಗೆ ಓಡುತ್ತಿದ್ದಳು. ಒಂದು ದಿನ ಹಾಗೆ ತಿನ್ನಿಸುತ್ತಲೇ ಹೇಳಿದಳು: “ಇದು ಸಾಕು. ವರ್ಗ ಕೇಳಿ.” ಕೇಳಿದೆ. ತಕ್ಷಣ ಆಗಲಿಲ್ಲ. ಉಳಿದ ಚಳಿಗಾಲ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಯಾರದಾದರೂ ಸೈಕಲ್ಲಿನ ಹಿಂದೆ ಕೂತು ಹಳ್ಳಿ ಸುತ್ತಿದೆ.

ಮುಂದಿನ ಮಾಗಿಗೆ ಗಾಡಿ ರಿಪೇರಿಯವನು ಎಣ್ಣೆಯ ಪ್ಲಾಸ್ಟಿಕ್ ಕ್ಯಾನೊಂದನ್ನು ಉದ್ದಕ್ಕೆ ಕೊಯ್ದು, ಹ್ಯಾಂಡಲ್ಲಿನ ಎರಡೂ ಹಿಡಿಗಳ ಮುಂದೆ ಒಂದೊಂದು ಹೋಳನ್ನು ತಂತಿಯಲ್ಲಿ ಕಟ್ಟಿಕೊಟ್ಟ. ಗಾಳಿ ಅದಕ್ಕೆ ಬಡಿದು ಆಚೀಚೆ ಹೋಗುತ್ತಿತ್ತು. ನೋಡಲು ಚೆನ್ನಾಗಿರಲಿಲ್ಲ. ಸಾತನೂರಿನ ಟೀ ಅಂಗಡಿಯಲ್ಲಿ ಕೂತವರು “ನೋಡ್ಲಾ, ಡಾಕ್ಟ್ರ ಗಾಡಿಗೆ ಕಿವಿ ಬಂದವೆ” ಎಂದು ತಮ್ಮತಮ್ಮಲ್ಲೇ ಹೇಳಿಕೊಂಡು ನಗುತ್ತಿದ್ದರು. ನಗಲಿ ಎಂದು ಬಿಟ್ಟೆ. ಬೆರಳು ತಣ್ಣಗಾಗುತ್ತಿತ್ತು, ಮರಗಟ್ಟುತ್ತಿರಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಅದೇ ಚಳಿಗಾಲದಲ್ಲಿ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಆ ಊರಿಗೆ ಹೋದೆ. ಸೊಸೆ ಹಸು ಹಿಡಿದುಕೊಂಡು ಸಾಲಿನಲ್ಲಿ ನಿಂತಿದ್ದಳು. ಕೈ ತುಂಬ ಬಳೆಗಳಿದ್ದವು. ಕಣ್ಣು ಕೆಂಪಗಿತ್ತು.

“ನಿದ್ದೆ ಇಲ್ವಾ ತಾಯಿ?” ಎಂದೆ.

“ಆಚೆ ಬೀದಿ ಮನೇಲಿ ಎಮ್ಮೆ ಈಯ್ತು ಸಾ. ಕೂಗುದ್ರು, ಹೋಗಿದ್ದೆ. ಯಾರ್ ಮನೇದಾದ್ರೂ ನನ್ನೇ ಕೂಗ್ತಾರೆ ಈಗ. ನೀವ್ ಬರಗಂಟ ಕಾಯದಿಲ್ಲ.” ಹಸುವಿನ ಕೊರಳ ಹಗ್ಗವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು. “ಒಂದೊಂದ್ ಸಲ ಬಾಗ್ಲೇ ತೆಗೀದೆ ಮಲ್ಗಬುಡನಾ ಅನ್ಸುತ್ತೆ.”

“ನಂಗೂ ಹಂಗೇ ಅನ್ಸುತ್ತೆ” ಎಂದೆ.

ಅವಳು ತಲೆ ಆಡಿಸಿದಳು. ಹಿಂದೆ ನಿಂತವರು ಬೇಗ ಬೇಗ ಎನ್ನುತ್ತಿದ್ದರು. ಲಸಿಕೆ ಚುಚ್ಚಿ ಮುಂದಿನ ಹಸುವಿಗೆ ಹೋದೆ.

ಆಮೇಲೆ ನನಗೆ ಚನ್ನಪಟ್ಟಣಕ್ಕೆ ವರ್ಗವಾಯಿತು. ಕಚೇರಿ ಕೆಲಸ, ಬಿಸಿಲೇರಿದ ಮೇಲೆ ಮನೆ ಬಿಟ್ಟರಾಯಿತು. ಹೆಂಡತಿಗೂ ಮುಂದಿನ ವರ್ಷ ಅಲ್ಲೇ ಸಿಕ್ಕಿತು. ಮೊದಲ ಚಳಿಗಾಲ ಪೂರ್ತಿ ನಸುಕಿನಲ್ಲಿ ತಾನೇತಾನಾಗಿ ಎಚ್ಚರವಾಗುತ್ತಿತ್ತು. ದೂರದ ಹೈವೇಯಲ್ಲಿ ಯಾವುದೋ ಲಾರಿಯ ಹಾರನ್ನು ಕೇಳಿಸಿ ಎದ್ದು ಕೂರುತ್ತಿದ್ದೆ. ಪಕ್ಕದಲ್ಲಿ ಹೆಂಡತಿ ನಿದ್ದೆಗಣ್ಣಲ್ಲೇ “ನಮಗಲ್ಲ, ಮಲಕ್ಕೊಳ್ಳಿ” ಎನ್ನುತ್ತಿದ್ದಳು. ಮಲಗುತ್ತಿದ್ದೆ.